ಲಿಮೋನ್‌ಗೆ ಯಾವ ದಾರಿ?

"ಶುಕ್ರವಾರ ಹೊರಡೋಣ. ಶನಿವಾರ ಪೂರ್ತಿ ಸಮುದ್ರ!" ಅಂದ ಗುರು.

ಅವನು ಕೋಸ್ಟಾರಿಕಾಗೆ ಹೊಸಬ. ರಾಜಧಾನಿ ಸ್ಯಾನ್ ಹೋಸೆ ಪಕ್ಕದ ಸ್ಯಾನ್ ಪೆದ್ರೋದಲ್ಲಿರುವ ಶ್ರೀಧರನ ಮನೆಗೆ ಬರುವುದಕ್ಕೇ ಸುಸ್ತಾಗಿದ್ದ. ಇಲ್ಲಿ ವಿಳಾಸ ಅಂದರೆ 'ಹಳೆಯ ಅತ್ತಿಮರದಿಂದ ದಕ್ಷಿಣಕ್ಕೆ 200 ಮೀಟರ್' ಅಂತ ಇರುತ್ತದೆ. ಆ ಮರ ಹೋಗಿ ಎಷ್ಟೋ ಕಾಲವಾಯಿತು. ಆದರೂ ಊರಿಗೆ ಊರೇ ಅಲ್ಲಿಂದಲೇ ಅಳೆಯುತ್ತದೆ.

ಉಪ್ಪಿಟ್ಟು ಮುಗಿಸಿ ಗುರು ಮೊಬೈಲ್ ತೋರಿಸಿದ. "ನೋಡಿ, ಕೆರಿಬಿಯನ್ ತೀರದ ಲಿಮೋನ್‌ಗೆ ಸುಮಾರು 160 ಕಿಲೋಮೀಟರ್. 32ನೇ ರಸ್ತೆ. ಮೂರು ಗಂಟೆ ಸಾಕು."

ಮೂರ್ತಿಯವರು ಕಾಫಿ ಲೋಟ ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟರೆ ಇತಿಹಾಸ ಶುರು ಅಂತ ನಮಗೆಲ್ಲ ಗೊತ್ತು.

"ಹೊರಗೆ ಮಳೆ ಇದೆಯೇನಪ್ಪಾ?"

"ಸುರಿಯುತ್ತಿದೆ ಸರ್."

"ಹಾಗಾದರೆ 32 ರಸ್ತೆಯಲ್ಲ, ಆಸೆ. ರಸ್ತೆ ಮಾಡಿದರೆ ಕಾಡು ಹೋಗುತ್ತದೆ ಅಂತ ಆಗ ದೊಡ್ಡ ಗಲಾಟೆಯಾಯಿತು. ಅದಕ್ಕೇ 1978ರಲ್ಲಿ ಬ್ರೌಲಿಯೊ ಕರೀಯೊ ರಾಷ್ಟ್ರೀಯ ಉದ್ಯಾನ ಮಾಡಿದರು. ರಸ್ತೆ ತೆರೆದದ್ದು 1987ರಲ್ಲಿ. ಕಾಡು ಉಳಿಯಿತು, ರಸ್ತೆಯೂ ಆಯಿತು. ಈಗ ಮಳೆ ಬಂದಾಗಲೆಲ್ಲ ಕಾಡೇ ರಸ್ತೆಗೆ ಇಳಿದು ಬರುತ್ತದೆ, ಮಣ್ಣು, ಮರ, ಬಂಡೆ ಸಮೇತ."

"ಅದನ್ನು ಅಗಲ ಮಾಡುತ್ತಿದ್ದಾರೆ ಅಲ್ವಾ?" ಶ್ಯಾಮಲಾ ಕೇಳಿದಳು.

"ಮಾಡುತ್ತಿದ್ದಾರಮ್ಮಾ. ಚೀನಾದ ಸಾಲ, ಚೀನಾದ ಕಂಪನಿ. ಒಪ್ಪಂದ ಆದದ್ದು 2013ರಲ್ಲಿ. ಆದರೆ ಆ 107 ಕಿಲೋಮೀಟರ್ ಇರುವುದು ಗುಡ್ಡ ಇಳಿದ ಮೇಲೆ, ಬಯಲಿನಲ್ಲಿ. ಮಣ್ಣು ಬೀಳುವ ಗುಡ್ಡ ಅದರಲ್ಲಿ ಸೇರಿಲ್ಲ."

"ಅಂದರೆ ನೋವು ಹಲ್ಲಿನಲ್ಲಿ, ಮುಲಾಮು ಮೊಣಕಾಲಿಗೆ" ಅಂದ ಶ್ರೀಧರ. ಅವನು ಎಂಜಿನಿಯರ್. ಹಾಗಾಗಿ ಇಂಥ ಮಾತು ಹೇಳುವಾಗ ಅವನಿಗೆ ವಿಶೇಷ ಸಂತೋಷ.

ಗುರು ನಕ್ಷೆಯನ್ನು ಎಡಕ್ಕೆ ತಳ್ಳಿದ. "ಹೋಗಲಿ, ಪೆಸಿಫಿಕ್ ಕಡೆ ಹೋಗೋಣ. 27ನೇ ರಸ್ತೆ, ಕಾಲ್ದೇರಾಗೆ."

"1970ರ ದಶಕದಲ್ಲಿ ಯೋಚಿಸಿದ ರಸ್ತೆ ಅದು. ತೆರೆದದ್ದು 2010ರ ಜನವರಿಯಲ್ಲಿ" ಅಂದರು ಮೂರ್ತಿ. "ಅದೇ ವರ್ಷ ಗುಡ್ಡ ಕುಸಿದು ಮುಚ್ಚಿದರು."

"1ನೇ ರಸ್ತೆ?"

ಇದಕ್ಕೆ ಮೂರ್ತಿ ಬಾಯಿ ತೆರೆಯುವ ಮೊದಲೇ ಶ್ರೀಧರ ಎದ್ದು ನಿಂತ. ಆ ರಸ್ತೆಯಲ್ಲಿ ಏರ್‌ಪೋರ್ಟ್‌ಗೆ ಹೋಗುವ ದಾರಿಯ ಸೇತುವೆಯ ಕಥೆ ಅವನದು, ಯಾರಿಗೂ ಬಿಟ್ಟುಕೊಡುವುದಿಲ್ಲ. ವಿರೀಯಾ ನದಿಯ ಮೇಲಿನ ಆ ಸೇತುವೆಯಲ್ಲಿ 2009ರಲ್ಲಿ ಒಂದು ಕಬ್ಬಿಣದ ಪಟ್ಟಿ ಸಡಿಲವಾಯಿತು. ಅಷ್ಟೇ. ರಿಪೇರಿ ಮಾಡಿದರು, ಮತ್ತೆ ಎದ್ದಿತು. ಇನ್ನೊಂದು ರಿಪೇರಿ, ಮತ್ತೆ ತೊಂದರೆ. ಅದು ಮುಗಿಯುವಷ್ಟರಲ್ಲಿ ದೇಶ ಮೂವರು ಅಧ್ಯಕ್ಷರನ್ನು ಕಂಡಿತು. ಕೊನೆಗೆ 2017ರಲ್ಲಿ ಸೇತುವೆಯನ್ನೇ ಅಗಲ ಮಾಡಿ ಮುಗಿಸಿದರು. "ಈ ದೇಶ 1948ರಲ್ಲೇ ಸೈನ್ಯ ತೆಗೆದುಹಾಕಿತು ಕಣೋ. ಸೈನ್ಯ ತೆಗೆಯುವುದು ಸುಲಭ, ಪಟ್ಟಿ ಕೂರಿಸುವುದು ಕಷ್ಟ!"

"ಹಾಗಂತ ಎಲ್ಲ ಸೇತುವೆಯೂ ಹಾಗಲ್ಲ" ಅಂದಳು ಶ್ಯಾಮಲಾ. "ತೆಂಪಿಸ್ಕೆ ನದಿಯದು ಚೆನ್ನಾಗಿದೆ."

"ಅದು ತೈವಾನ್ ಕೊಟ್ಟ ಉಡುಗೊರೆ" ಅಂದರು ಮೂರ್ತಿ. "2003ರಲ್ಲಿ ಸ್ನೇಹದ ಸೇತುವೆ ಅಂತ ಹೆಸರಿಟ್ಟು ತೆರೆದರು. 2007ರಲ್ಲಿ ಕೋಸ್ಟಾರಿಕಾ ತೈವಾನ್ ಕೈಬಿಟ್ಟು ಚೀನಾ ಕಡೆ ಹೋಯಿತು. ಅಲ್ಲಿಂದ ಜನ ಅದನ್ನು ಬೆನ್ನಿಗೆ ಚೂರಿ ಹಾಕಿದ ಸೇತುವೆ ಅಂತ ತಮಾಷೆ ಮಾಡುತ್ತಾರೆ."

ಗುರು ದಕ್ಷಿಣದ ಕಡೆ ಬೆರಳಿಟ್ಟ. 2ನೇ ರಸ್ತೆ 3,300 ಮೀಟರ್‌ಗೂ ಮೇಲೇರುವ ಬೆಟ್ಟದ ಹೆಸರು ಸಾವಿನ ಬೆಟ್ಟ ಅಂತ ಗೊತ್ತಾಗಿ ತಾನೇ ಬೆರಳು ತೆಗೆದ. ರಸ್ತೆ ಇಲ್ಲದ ಕಾಲದಲ್ಲಿ ಕಾಲ್ನಡಿಗೆಯಲ್ಲಿ ದಾಟುವವರು ಚಳಿಗೆ ಸಾಯುತ್ತಿದ್ದರಂತೆ. ಈಗ ಮಂಜಿನಲ್ಲಿ ಎದುರಿನ ಲಾರಿ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

"ನನಗೆ ಲಿಮೋನೇ ಬೇಕು" ಅಂದ ಹಟದಿಂದ.

"ಸರಿ, ಕಾರು ಯಾರದು?" ಶ್ಯಾಮಲಾ ಕೇಳಿದಳು.

"ನನ್ನದು" ಅಂದ ಶ್ರೀಧರ.

"ನಂಬರಿನ ಕೊನೆಯ ಅಂಕಿ?"

"ಒಂಬತ್ತು."

"ಶುಕ್ರವಾರ 9 ಮತ್ತು 0 ಇರುವ ಕಾರು ಬೆಳಗ್ಗೆ 6ರಿಂದ ಸಂಜೆ 7ರವರೆಗೆ ರಾಜಧಾನಿಯೊಳಗೆ ಓಡಾಡುವ ಹಾಗಿಲ್ಲ. ದಂಡ ನೀವು ಕಟ್ಟುತ್ತೀರೋ, ಗುರು ಕಟ್ಟುತ್ತಾನೋ?"

"ಏಳರ ಮೇಲೆ ಹೊರಡೋಣ."

"ಮಳೆ ಜಾಸ್ತಿಯಾದರೆ ರಾತ್ರಿ 32 ಮುಚ್ಚುತ್ತಾರೆ" ಅಂದರು ಮೂರ್ತಿ.

"ಕಾರ್ತಾಗೊ, ತುರಿಯಾಲ್ಬಾ ಮೇಲೆ ಸುತ್ತಿಕೊಂಡು?"

"32 ಮುಚ್ಚಿದರೆ ದೇಶದ ಲಾರಿಗಳೆಲ್ಲ ಅಲ್ಲಿಗೇ ಬರುತ್ತವೆ. ಮೇಲೆ ತಿರುವು ಬೇರೆ. ನಿಂಬೆಹಣ್ಣು ಇಟ್ಟುಕೋ."

ಕೊನೆಗೆ ಶ್ಯಾಮಲಾಳೇ ತೀರ್ಮಾನ ಹೇಳಿದಳು. ಶನಿವಾರ ಬೆಳಗ್ಗೆ ಐದಕ್ಕೆ ಹೊರಡುವುದು. ಶನಿವಾರ ಆ ನಿಷೇಧ ಇಲ್ಲ. ಮಳೆ ಇದ್ದರೆ ಮನೆಯಲ್ಲೇ ಬಿಸಿಬೇಳೆಬಾತ್.

ಎಲ್ಲರೂ ಒಪ್ಪಿದರು. ಗುರು ಖುಷಿಯಿಂದ ಚಪ್ಪಾಳೆ ತಟ್ಟಿದ.

"ಹಾಗಾದರೆ ನಾನೂ ಬರುತ್ತೇನೆ" ಅಂದರು ಮೂರ್ತಿ. "ಮುಂದಿನ ಸೀಟು ನನಗಿರಲಿ. ದಾರಿಯುದ್ದಕ್ಕೂ ಹೇಳುವುದು ಬಹಳ ಇದೆ."

ಗುರು ಚಪ್ಪಾಳೆ ನಿಲ್ಲಿಸಿ ಮೊಬೈಲ್ ಎತ್ತಿಕೊಂಡ. ಲಿಮೋನ್‌ಗೆ ಬಸ್ಸು ಎಷ್ಟು ಹೊತ್ತಿಗಿದೆ ಅಂತ ಹುಡುಕತೊಡಗಿದ.