ಸೇವಂತಿಗೆ ಮುಟ್ಟಿದರೆ ಕೈ ತುರಿಕೆ, ನಿಮಗೂ ಹೀಗಾಗಿದೆಯಾ?

ಎರಡು ತಿಂಗಳಿಂದ ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಕೆಂಪು ಗುಳ್ಳೆ, ವಿಪರೀತ ತುರಿಕೆ. ತೋಟದಲ್ಲಿರೋದು ಸೇವಂತಿಗೆ, ಡೇಲಿಯಾ, ಗುಲಾಬಿ. ಗುಲಾಬಿ ಮುಳ್ಳಿನ ಮೇಲೆ ಅನುಮಾನ ಇತ್ತು, ಆದರೆ ಅದನ್ನು ಮುಟ್ಟದ ವಾರವೂ ಬಂತು. ಹತ್ತು ವರ್ಷದಿಂದ ಇದೇ ಗಿಡಗಳು, ಈಗೇಕೆ?

— ಹತ್ತು ವರ್ಷ ಏನೂ ಆಗಿಲ್ಲ ಅಂತ ಸೇವಂತಿಗೆಯನ್ನು ನಂಬಬೇಡಿ. ಈ ಥರದ ಅಲರ್ಜಿ ಹುಟ್ಟೋದೇ ಮುಟ್ಟಿ ಮುಟ್ಟಿ. ಇನ್ನೊಂದು ಮೋಸ ಏನಂದ್ರೆ, ಗುಳ್ಳೆ ಏಳೋದು ಒಂದೆರಡು ದಿನ ಬಿಟ್ಟು. ಸೋಮವಾರ ಕೈ ಕೆರೆದರೆ ನಾನು ಸೋಮವಾರದ ಕೆಲಸವನ್ನೇ ಬೈತಿದ್ದೆ, ತಪ್ಪು ಶನಿವಾರದ್ದು! ಯಾವ ದಿನ ಯಾವ ಗಿಡ ಮುಟ್ಟಿದೆ ಅಂತ ಬರೆದಿಡೋಕೆ ಶುರು ಮಾಡಿದ ಮೇಲೆ ಕಳ್ಳ ಸಿಕ್ಕಿದ. ಆಮೇಲೆ ಚರ್ಮದ ಡಾಕ್ಟರ್ ಪ್ಯಾಚ್ ಟೆಸ್ಟ್ (ಅನುಮಾನ ಇರೋ ವಸ್ತುಗಳನ್ನು ಚರ್ಮಕ್ಕೆ ಅಂಟಿಸಿ ನೋಡೋ ಪರೀಕ್ಷೆ) ಮಾಡಿ ಖಚಿತಪಡಿಸಿದರು. ಬೆನ್ನಿಗೆ ಅಂಟಿಸಿದ ಪಟ್ಟಿ 48 ಗಂಟೆ ಹಾಗೇ ಇರಬೇಕು, ಒದ್ದೆ ಮಾಡುವಂತಿಲ್ಲ. ಬೆವರೋರಿಗೆ ಅದೊಂದು ಶಿಕ್ಷೆ.

— ಡೇಲಿಯಾನೂ ಲೆಕ್ಕಕ್ಕೆ ತಗೊಳ್ಳಿ. ಸೇವಂತಿಗೆ, ಡೇಲಿಯಾ, ಆಸ್ಟರ್, ಸೂರ್ಯಕಾಂತಿ ಎಲ್ಲ ಒಂದೇ ಕುಟುಂಬ, ಪಾರ್ಥೇನಿಯಂ ಕಳೆಯೂ ಅದರದ್ದೇ ನೆಂಟ. ಇವುಗಳಲ್ಲಿರುವ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಅನ್ನೋ ವಸ್ತುಗಳೇ ಸಾಮಾನ್ಯವಾಗಿ ತೊಂದರೆ ಕೊಡೋದು. ಒಂದಕ್ಕೆ ಅಲರ್ಜಿ ಆದವರಿಗೆ ಇನ್ನೊಂದೂ ಆಗಬಹುದು. ನಾನು ಸೇವಂತಿಗೆ ಕಿತ್ತು ಆಸ್ಟರ್ ನೆಟ್ಟ ಜಾಣೆ! ಒಣಗಿದ ಗಿಡದ ಪುಡಿಯೂ ಬಿಡಲ್ಲ, ನನಗೆ ರೆಪ್ಪೆ ಊದಿಕೊಂಡಿತ್ತು.

— ನನಗೆ ಕಾಟ ಕೊಟ್ಟಿದ್ದು ಹೂಗುಚ್ಛಕ್ಕೆ ಬಳಸೋ ಆಲ್‌ಸ್ಟ್ರೋಮೇರಿಯಾ ಹೂ. ಬೆರಳ ತುದಿ ಒಣಗಿ ಬಿರಿಯುತ್ತಿತ್ತು. ಟ್ಯುಲಿಪ್ ಗೆಡ್ಡೆ ವಿಂಗಡಿಸೋರಿಗೂ ಇದೇ ಪಾಡು, ಎರಡರಲ್ಲೂ ಟ್ಯುಲಿಪಾಲಿನ್ ಅನ್ನೋ ಅಲರ್ಜಿ ತರುವ ವಸ್ತು ಇದೆ. ಅದು ಲೇಟೆಕ್ಸ್ ಕೈಗವಸು ದಾಟಿ ಒಳಗೆ ಬರುತ್ತೆ, ನೈಟ್ರೈಲ್ ಅನ್ನೋ ಕೃತಕ ರಬ್ಬರಿನ ಕೈಗವಸು ಹಾಕಿ.

— ಎಲ್ಲವೂ ಅಲರ್ಜಿ ಅಲ್ಲ ಮಾರಾಯ್ರೆ. ಯುಫೋರ್ಬಿಯಾ (ಕಳ್ಳಿ ಜಾತಿಯ ಗಿಡ) ಹಾಲು ತಾಗಿದರೆ ಯಾರಿಗಾದರೂ ಉರಿಯುತ್ತೆ. ಅದೇ ಕೈಯಲ್ಲಿ ಕಣ್ಣುಜ್ಜಿ ನಾನು ಡಾಕ್ಟರ ಹತ್ತಿರ ಓಡಿದ್ದೆ. ಕಣ್ಣಿಗೆ ಬಿದ್ದರೆ ಮೊದಲು ನೀರು ಹಾಕಿ ಚೆನ್ನಾಗಿ ತೊಳೆಯಿರಿ, ತಡಮಾಡದೆ ತೋರಿಸಿ.

ಎಲ್ಲರಿಗೂ ಥ್ಯಾಂಕ್ಸ್. ಈಗ ನೆನಪಾಯ್ತು, ಪ್ರತಿ ಭಾನುವಾರ ಒಣಗಿದ ಸೇವಂತಿಗೆ ಹೂ ಚಿವುಟೋದು ಬರಿಗೈಯಲ್ಲೇ. ಗುಳ್ಳೆ ಏಳೋದು ಮಂಗಳವಾರ. ಪಾಪ, ಗುಲಾಬಿಯನ್ನು ಆಗಲೇ ಬೇರೆಯವರಿಗೆ ಕೊಟ್ಟುಬಿಟ್ಟೆ.