ಪದಚರ್ಚೆ: ‘ಆಫ್‌ಸೆಟ್ ಡಿಸ್ಕ್’ ಅನ್ನೋದಕ್ಕೆ ನಿಮ್ಮ ಕಡೆ ಏನಂತಾರೆ?

ಬಳಗದವರಿಗೆಲ್ಲ ನಮಸ್ಕಾರ.

ಕೊಡಗಿನ ಸಿದ್ದಾಪುರದ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಒಂದು ಹಳೆ ಪಿಕಪ್ ಇದೆ. ಮುಖ ಜೀಪಿನದು, ಹಿಂದೆ ಕಾಫಿ ಮೂಟೆ ಹೇರುವಷ್ಟು ಬಾಡಿ. ಅಪ್ಪನ ಕಾಲದ್ದು, ಮಾರೋಕೆ ಮನಸ್ಸಿಲ್ಲ. ಈ ಸಲ ಮಳೆ ಹಿಡಿಯುವ ಮುಂಚೆ ಅದಕ್ಕೆ ಅಗಲದ ಟೈರು ಹಾಕಿಸೋಣ ಅಂತ ಹೊರಟೆ. ಟೈರು ಬದಲಾಯಿಸುವುದು ಅರ್ಧ ದಿನದ ಕೆಲಸ. ಮಾತಿನ ಗಲಿಬಿಲಿ ಬಗೆಹರಿಯೋಕೆ ಎರಡು ತಿಂಗಳು ಬೇಕಾಯಿತು. ಅದಕ್ಕೇ ಈ ಪತ್ರ.

ಮೊದಲು ‘ಅಗಲ’ದ ವಿಷಯ. ನಾನು ‘ಅಗಲದ ಟೈರು’ ಅಂದರೆ ಅಂಗಡಿಯವನು ‘ದಪ್ಪ ಟೈರಾ?’ ಅಂತ ಕೇಳುತ್ತಾನೆ. ನನಗೆ ಮೊದಲು ಇದು ತಪ್ಪು ಅನ್ನಿಸಿತು. ಹಲಗೆಗೆ ಅಗಲ ಬೇರೆ, ದಪ್ಪ ಬೇರೆ ಅಲ್ವಾ? ಹಳೆ ಟೈರಿನ ಮೇಲೆ 6.00-16 ಎಂದಿತ್ತು. ಅಂದರೆ ಟೈರು ಸುಮಾರು 6 ಇಂಚು ಅಗಲ, ಒಳಗಿನ ಡಿಸ್ಕು 16 ಇಂಚು. ಹೊಸದು 235/75 ಆರ್ 15. 235 ಅನ್ನೋದು ಮಿಲಿಮೀಟರಿನಲ್ಲಿ ಅಗಲ, ಇಂಚಿಗೆ ತಂದರೆ ಒಂಬತ್ತೂ ಕಾಲು. ಆ ಅಗಲದ ನೂರಕ್ಕೆ 75ರಷ್ಟು ಟೈರಿನ ಪಕ್ಕದ ಎತ್ತರ. ಕೊನೆಯ 15 ಡಿಸ್ಕಿನ ಇಂಚು, ಹಾಗಾಗಿ ಡಿಸ್ಕೂ ಹೊಸದೇ ಬೇಕು. ಲೆಕ್ಕ ಹಾಕಿದರೆ ನೆಲದಿಂದ ಎತ್ತರ ಹೆಚ್ಚುಕಡಿಮೆ ಹಳೆಯದರಷ್ಟೇ. ಬೆಳೆದದ್ದೆಲ್ಲ ಅಡ್ಡಕ್ಕೆ. ಹಾಗಾದರೆ ‘ದಪ್ಪ’ ಯಾಕೆ?

ಆಮೇಲೆ ಹೊಳೆಯಿತು. ನಾವು ಟೈರನ್ನು ಹಲಗೆಯ ಹಾಗೆ ನೋಡುವುದಿಲ್ಲ, ಮೈಯ ಹಾಗೆ ನೋಡುತ್ತೇವೆ. ‘ಹುಡುಗ ದಪ್ಪ ಆಗಿದ್ದಾನೆ’ ಅಂದರೆ ಅಡ್ಡಕ್ಕೆ ಬೆಳೆದಿದ್ದಾನೆ ಅಂತಲೇ. ಅದಕ್ಕೇ ಹಳೆ ಟೈರು ‘ಸಣ್ಣ ಟೈರು’. ಅದೇನು ಎತ್ತರದಲ್ಲಿ ಸಣ್ಣದಲ್ಲ, ಬಡಕಲು, ಅಷ್ಟೆ. ಟೈರಿಗೆ ಹಸಿವೂ ಇದೆ ನೋಡಿ: ಅಲೈನ್‌ಮೆಂಟ್ ಸರಿಯಿಲ್ಲದಿದ್ದರೆ ‘ಒಂದೇ ಕಡೆ ತಿಂತಾ ಇದೆ’ ಅಂತಾರೆ. ಆದರೆ ಅಲ್ಲಿ ತಿನ್ನುವುದು ಟೈರೋ ರಸ್ತೆಯೋ ಅನ್ನೋದು ಇನ್ನೊಂದು ಪತ್ರಕ್ಕೆ ಆಗುವಷ್ಟು ವಿಷಯ. ಈಗ ಬೇಡ.

‘ಡಿಸ್ಕು’ ಅಂದರೆ ನಮ್ಮಲ್ಲಿ ಟೈರು ಕೂರುವ ಇಡೀ ಕಬ್ಬಿಣದ ಚಕ್ರ. ರಿಮ್ ಅಂತ ಹುಡುಗರು ಹೇಳುತ್ತಾರೆ, ಹಳಬರು ಡಿಸ್ಕೇ. ಫೋನಿನಲ್ಲಿ ‘ಹಳೆ ಜೀಪಿಗೆ ಡಿಸ್ಕ್ ಇದೆಯಾ’ ಅಂತ ಒಬ್ಬರನ್ನು ಕೇಳಿದರೆ ‘ಹಳೇ ಜೀಪಿಗೆ ಎಲ್ಲಿಯ ಡಿಸ್ಕು ಸ್ವಾಮಿ, ಅದು ಡ್ರಮ್ ಬ್ರೇಕಲ್ವಾ’ ಅಂದರು. ಅವರು ಡಿಸ್ಕ್ ಬ್ರೇಕ್ ಅಂದುಕೊಂಡಿದ್ದರು. ಅವರೂ ಸರಿ, ನಾನೂ ಸರಿ.

ಈಗ ನನ್ನ ನಿಜವಾದ ಪ್ರಶ್ನೆ: ‘ಆಫ್‌ಸೆಟ್’.

ಡಿಸ್ಕಿನ ಒಳಗೆ ಬೋಲ್ಟಿನ ತೂತುಗಳಿರುವ ಒಂದು ತಟ್ಟೆ ಇರುತ್ತದೆ. ಗಾಡಿಗೆ ಒತ್ತಿ ಕೂರುವುದು ಆ ತಟ್ಟೆ. ಜೀಪಿಗೆ ಐದು ಬೋಲ್ಟು, ಅವುಗಳ ಮೂಲಕ ಹಾದುಹೋಗುವ ವೃತ್ತದ ಅಡ್ಡಳತೆ ಐದೂವರೆ ಇಂಚು. ತಟ್ಟೆ ಡಿಸ್ಕಿನ ಅಗಲದ ಸರಿಯಾಗಿ ನಡುವೆ ಇದ್ದರೆ ಆಫ್‌ಸೆಟ್ ಸೊನ್ನೆ. ತಟ್ಟೆ ಹೊರಮುಖದ ಕಡೆಗಿದ್ದರೆ ಚಕ್ರ ಗಾಡಿಯ ಒಳಗೆ ಸರಿಯುತ್ತದೆ, ಅದು ಪ್ಲಸ್ಸು. ತಟ್ಟೆ ಗಾಡಿಯ ಕಡೆಗಿದ್ದರೆ ಚಕ್ರ ಹೊರಗೆ ಬರುತ್ತದೆ, ಅದು ಮೈನಸ್ಸು. ಇದು ತಯಾರಕರ ಲೆಕ್ಕ. ನಮ್ಮ ಗ್ಯಾರೇಜಿನಲ್ಲಿ ‘ಆಫ್‌ಸೆಟ್ ಡಿಸ್ಕ್’ ಅಂದರೆ ಒಂದೇ ಅರ್ಥ: ಮಡ್‌ಗಾರ್ಡಿನಿಂದ ಹೊರಗೆ ಎದ್ದು ಕಾಣುವ ಚಕ್ರ. ಒಳಗೆ ಸರಿದದ್ದಕ್ಕೆ ಹೆಸರೇ ಇಲ್ಲ.

ಎಡವಟ್ಟಾದದ್ದು ಇಲ್ಲೇ. ಡಿಸ್ಕ್ ಮಾರುವವನು ಫೋನಿನಲ್ಲಿ ‘ಆಫ್‌ಸೆಟ್ ಜಾಸ್ತಿ ಬೇಕಾ, ಕಮ್ಮಿ ಬೇಕಾ?’ ಅಂದ. ಟೈರು ಒಳಗೆ ತಾಗದ ಹಾಗೆ ಸ್ವಲ್ಪ ಹೊರಗಿರಲಿ ಅಂತ ನಾನು ‘ಜಾಸ್ತಿ’ ಅಂದೆ. ಅವನ ಲೆಕ್ಕದಲ್ಲಿ ಜಾಸ್ತಿ ಅಂದರೆ ದೊಡ್ಡ ಪ್ಲಸ್ಸು. ಬಂದ ಡಿಸ್ಕು ಬೋಲ್ಟಿಗೆ ಚೆನ್ನಾಗಿ ಕೂತಿತು. ನೋಡೋಕೂ ಚೆಂದ. ಲೈನ್ ಮನೆಯ ಹತ್ತಿರದ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ಕಟ್ ಮಾಡಿದೆ, ‘ಕರ್ರ್’ ಅಂತ ಸದ್ದು. ಇಳಿದು ಬಗ್ಗಿ ನೋಡಿದರೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿಯ, ಅಂದರೆ ಬ್ಲೇಡಿನ, ಅಂಚಿಗೆ ಕಾಡಿಗೆ ಬಳಿದ ಹಾಗೆ ಕಪ್ಪು ರಬ್ಬರು ಅಂಟಿತ್ತು. ಟೈರಿನ ಪಕ್ಕದಲ್ಲಿ ಬೆರಳಗಲ ಉಜ್ಜಿಹೋಗಿತ್ತು. ಹೊಚ್ಚ ಹೊಸ ಟೈರು.

ಅದನ್ನು ವಾಪಸು ಕೊಟ್ಟು ಮೈನಸ್ಸಿನದು ತಂದದ್ದಾಯಿತು. ಈಗ ಬ್ಲೇಡಿಗೆ ತಾಗುವುದಿಲ್ಲ. ಆದರೆ ಚಕ್ರ ಮಡ್‌ಗಾರ್ಡಿನಿಂದ ಎರಡು ಬೆರಳು ಹೊರಗಿದೆ, ತೋಟದ ಕೆಸರೆಲ್ಲ ಸೀದಾ ಬಾಗಿಲಿಗೆ, ಕನ್ನಡಿಗೆ. ಪವರ್ ಸ್ಟೇರಿಂಗ್ ಇಲ್ಲದ ಗಾಡಿ, ನಿಂತಲ್ಲೇ ತಿರುಗಿಸೋಕೆ ಎರಡೂ ತೋಳು ಬೇಕು. ಚಕ್ರ ಹೊರಗೆ ಹೋದಷ್ಟೂ ಬೇರಿಂಗಿಗೆ ಭಾರ ಬೇರೆ. ಕೆಸರಿನಲ್ಲಿ ಸಣ್ಣ ಟೈರು ಸೀಳಿಕೊಂಡು ಗಟ್ಟಿ ನೆಲ ಹಿಡಿಯುತ್ತೆ, ದಪ್ಪದ್ದು ಮೇಲೇ ತೇಲುತ್ತೆ ಅಂತ ಪಕ್ಕದ ತೋಟದ ಹಿರಿಯರು ಮೊದಲೇ ಹೇಳಿದ್ದರು. ಕೇಳಬೇಕಿತ್ತು.

ನಮ್ಮ ಮೆಕ್ಯಾನಿಕ್ಕನ್ನು ನಾವೆಲ್ಲ ಇಕ್ಕ ಅಂತಲೇ ಕರೆಯೋದು. ಅವರ ಬಾಯಲ್ಲಿ ಆಫ್‌ಸೆಟ್ ಬರುವುದೇ ಕಮ್ಮಿ. ‘ಇದು ಹೊರಗೆ ಕೂತದ್ದು, ಅದು ಒಳಗೆ ಕೂತದ್ದು’ ಅನ್ನುತ್ತಾರೆ. ನನಗೆ ಖುಷಿಯಾಯಿತು. ಎಷ್ಟು ಸಲೀಸು! ಆದರೆ ಮನೆಗೆ ಬಂದು ಯೋಚಿಸಿದರೆ ಇಲ್ಲೂ ಗಂಟಿದೆ. ಕೂರುವುದು ಯಾವುದು, ಟೈರೋ ತಟ್ಟೆಯೋ? ತಟ್ಟೆ ಹೊರಗಿದ್ದರೆ ಟೈರು ಒಳಗೆ! ಮರುದಿನ ಕೇಳಿದೆ. ‘ತಟ್ಟೆ ಯಾರಿಗೆ ಕಾಣುತ್ತೆ ಸಾರ್, ಕಾಣೋದು ಟೈರಲ್ವಾ’ ಅಂದರು.

ಗೆಳೆಯರೊಬ್ಬರು ‘ಪಲ್ಲಟ’ ಅನ್ನಿ ಅಂದರು. ‘ಪಲ್ಲಟದ ಡಿಸ್ಕ್ ನಾಲ್ಕು ಕೊಡಿ’ ಅಂತ ಅಂಗಡಿಯಲ್ಲಿ ಕೇಳುವ ಧೈರ್ಯ ನನಗಿಲ್ಲ. ಆಫ್‌ಸೆಟ್ಟನ್ನೇ ಇಟ್ಟುಕೊಂಡರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಮದುವೆ ಕಾಗದದ ಪ್ರೆಸ್ಸು. ತಮಾಷೆ ಅಂದರೆ ನಮ್ಮ ‘ಅಚ್ಚು’ ಕೂಡ ಎರಡೂ ಕಡೆ ಇದೆ: ಕಾಗದಕ್ಕೆ ಹಾಕುವುದೂ ಅಚ್ಚು, ಗಾಡಿಯ ಎರಡು ಗಾಲಿ ಸೇರಿಸುವುದೂ ಅಚ್ಚು. ಪಿರಿಯಾಪಟ್ಟಣದ ಕಡೆ ಅಜ್ಜನ ಮನೆಯಲ್ಲಿ ಎತ್ತಿನಗಾಡಿ ಇತ್ತು. ಅಚ್ಚು, ಕಡಾಣಿ, ಗಾಲಿಯ ಸುತ್ತ ಹಾಕುವ ಕಬ್ಬಿಣದ ಹಳಿ, ಎಲ್ಲಕ್ಕೂ ಪದ ಇದ್ದವು. ಗಾಲಿ ಒಳಗೆ ಹೊರಗೆ ಸರಿಯುವುದಕ್ಕೆ ಮಾತ್ರ ಅಲ್ಲಿ ಪದ ಕೇಳಿದ ನೆನಪಿಲ್ಲ.

ನನಗೆ ಸದ್ಯಕ್ಕೆ ಒಪ್ಪಿಗೆಯಾಗಿರುವುದು ‘ಚಾಚು’. ಮಳೆ ನೀರು ಗೋಡೆಗೆ ಬೀಳದಿರಲಿ ಅಂತ ಸೂರನ್ನು ಹೊರಗೆ ಚಾಚುತ್ತೇವಲ್ಲ, ಹಾಗೆ. ‘25 ಮಿಲಿಮೀಟರ್ ಹೊರಚಾಚು’ ಅಂದರೆ ಟೈರಿನ ಮಾತೇ, ತಟ್ಟೆಯದಲ್ಲ ಅಂತ ಯಾರಿಗಾದರೂ ತಿಳಿಯುತ್ತದೆ. ಪ್ಲಸ್ಸು ಮೈನಸ್ಸಿನ ರಗಳೆಯೂ ಇಲ್ಲ. ಆದರೆ ಒಳಗೆ ಸರಿದದ್ದಕ್ಕೆ ‘ಒಳಚಾಚು’ ಅಂದರೆ ಕಿವಿಗೆ ಒಗ್ಗುತ್ತಿಲ್ಲ. ಒಳಕ್ಕೆ ಯಾರಾದರೂ ಚಾಚುತ್ತಾರಾ? ‘ಒಳಸರಿತ’ ಹೇಗೆ?

ಮಂಡ್ಯ, ದಾವಣಗೆರೆ ಕಡೆಯ ಟ್ರ್ಯಾಕ್ಟರ್ ಮನೆಯವರಿಗೆ ವಿಶೇಷವಾಗಿ ಕೇಳುತ್ತಿದ್ದೇನೆ. ಸಾಲಿನ ಅಂತರಕ್ಕೆ ತಕ್ಕಂತೆ ಹಿಂದಿನ ದೊಡ್ಡ ಚಕ್ರವನ್ನು ಬಿಚ್ಚಿ ತಿರುವಿ ಹಾಕಿ, ಎರಡು ಚಕ್ರದ ನಡುವಿನ ಅಗಲ ಹೆಚ್ಚುಕಮ್ಮಿ ಮಾಡುತ್ತೀರಲ್ಲ, ಆ ಕೆಲಸಕ್ಕೆ ನಿಮ್ಮ ಮನೆಯಲ್ಲಿ, ನಿಮ್ಮ ಡ್ರೈವರ್ ಬಾಯಲ್ಲಿ ಏನಂತಾರೆ? ಕೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.