ಕ್ರ್ಯಾನ್‌ಬೆರಿ ಸಾಸ್ ಗಟ್ಟಿಯಾಗುತ್ತಿಲ್ಲ, ಮೇಲೆ ರೋಸ್‌ಮೇರಿ ಸೊಪ್ಪಿನ ಕಹಿ. ಗುರುವಾರದೊಳಗೆ ಸರಿ ಮಾಡಬಹುದಾ?

ಒಗ್ಗರಣೆ ಸೌಟು, ನ್ಯೂಜೆರ್ಸಿ:
ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಸಾಸ್ ನನ್ನ ಪಾಲಿಗೆ ಬಂದಿದೆ. ಕ್ರ್ಯಾನ್‌ಬೆರಿ ಅನ್ನುವ ಕೆಂಪು ಹುಳಿ ಹಣ್ಣು ತಾಜಾ 340 ಗ್ರಾಂನ ಒಂದು ಪ್ಯಾಕೆಟ್, ನೀರು ಒಂದೂವರೆ ಕಪ್, ಸಕ್ಕರೆ ಅರ್ಧ ಕಪ್. ಬರುವವರಲ್ಲಿ ಇಬ್ಬರಿಗೆ ಶುಗರ್ ಇದೆ, ಅದಕ್ಕೇ ಸಕ್ಕರೆ ಕಮ್ಮಿ. ಹುಳಿ ಮುರಿಯಲಿ ಅಂತ ಒಂದು ಟೀ ಚಮಚ ಅಡುಗೆ ಸೋಡಾ. ಎರಡು ಕಡ್ಡಿ ರೋಸ್‌ಮೇರಿ, ಸ್ವಲ್ಪ ಥೈಮ್ ಸೊಪ್ಪು ಮೊದಲಿಗೇ ಹಾಕಿ ಅರ್ಧ ಗಂಟೆ ಕುದಿಸಿದೆ. ಈಗ ನೀರು ನೀರಾಗಿದೆ, ಬಣ್ಣ ಮಂಕಾಗಿದೆ, ಬಾಯಿಗಿಟ್ಟರೆ ಕಷಾಯ ಕುಡಿದ ಹಾಗಿದೆ. ಜೆಲಾಟಿನ್ ಹಾಕು ಅಂತ ಹೇಳಬೇಡಿ, ಅದು ಪ್ರಾಣಿಗಳಿಂದ ಬರುವುದು, ಊಟಕ್ಕೆ ಸಸ್ಯಾಹಾರಿಗಳಿದ್ದಾರೆ.

ಬೋಗುಣಿ:
ಫ್ರಿಜ್ಜಲ್ಲಿಟ್ಟು ನೋಡಿದಿರಾ? ಬಿಸಿ ಇದ್ದಾಗ ಈ ಸಾಸ್ ಯಾವಾಗಲೂ ತೆಳ್ಳಗೇ ಕಾಣುತ್ತದೆ. ಆರಿದ ಮೇಲೇ ಬಿಗಿಯಾಗುವುದು.

ಒಗ್ಗರಣೆ ಸೌಟು:
ರಾತ್ರಿಯಿಡೀ ಇಟ್ಟಿದ್ದೆ. ಹಾಗೇ ಇದೆ.

ಕಬ್ಬಿಣದ ಬಾಣಲೆ, ವಿಸ್ಕಾನ್ಸಿನ್:
ಹಾಗಾದರೆ ತೊಂದರೆ ಇರುವುದು ಪೆಕ್ಟಿನ್‌ನಲ್ಲಿ, ಅಂದರೆ ಹಣ್ಣಿನಲ್ಲೇ ಇರುವ ಗಟ್ಟಿ ಮಾಡುವ ಅಂಶದಲ್ಲಿ. ಕ್ರ್ಯಾನ್‌ಬೆರಿಯಲ್ಲಿ ಅದು ಧಾರಾಳವಾಗಿದೆ, ಬೇರೆ ಏನೂ ಬೆರೆಸದೆ ತಾನೇ ಹೆಪ್ಪುಗಟ್ಟುತ್ತದೆ. ಆದರೆ ಹುಳಿಯೂ ಬೇಕು, ಸಕ್ಕರೆಯೂ ಬೇಕು. ನೀವು ಸಕ್ಕರೆ ಅರ್ಧ ಮಾಡಿದಿರಿ, ನೀರು ಜಾಸ್ತಿ ಹಾಕಿದಿರಿ, ಸೋಡಾ ಹಾಕಿ ಹುಳಿಯನ್ನೂ ತೆಗೆದಿರಿ. ಮೇಲಿಂದ ಅರ್ಧ ಗಂಟೆ ಕುದಿ. ಅಷ್ಟು ಹೊತ್ತು ಕುದಿಸಿದರೆ ಪೆಕ್ಟಿನ್ ಒಡೆದುಹೋಗುತ್ತದೆ. ಸಾಮಾನ್ಯವಾಗಿ ಒಂದು ಪ್ಯಾಕೆಟ್‌ಗೆ ಒಂದು ಕಪ್ ನೀರು, ಒಂದು ಕಪ್ ಸಕ್ಕರೆ. ಹಣ್ಣು ಪಟಪಟ ಸಿಡಿಯಲು ಶುರುವಾಗಿ ಹೆಚ್ಚಿನವು ಒಡೆಯುವವರೆಗೆ, ಸುಮಾರು 10 ನಿಮಿಷ, ಅಷ್ಟೇ.

ಬಣ್ಣ ಮಂಕಾಗಿದ್ದೂ ಸೋಡಾದಿಂದಲೇ. ಈ ಕೆಂಪು ಹುಳಿಯಲ್ಲಿ ಮಾತ್ರ ಹೊಳೆಯುತ್ತದೆ, ಹುಳಿ ಹೋದರೆ ನೀಲಿ ಕಡೆ ವಾಲುತ್ತದೆ. ನಿಂಬೆರಸ ಹಿಂಡಿ, ಬಹಳ ಮಟ್ಟಿಗೆ ವಾಪಸ್ ಬರುತ್ತದೆ. ಹಾಂ, ನನ್ನ ಹೆಸರು ನೋಡಿ ಕಬ್ಬಿಣದ ಬಾಣಲೆ ಇಡಬೇಡಿ. ಇದಕ್ಕೆ ಸ್ಟೀಲ್ ಪಾತ್ರೆಯೇ ಸರಿ. ಬರೀ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಹುಳಿ ತಾಗಿದರೆ ರುಚಿ ಕೆಡಿಸುತ್ತವೆ.

ಬೋಗುಣಿ:
ಕಹಿಗೆ ಕಾರಣ ರೋಸ್‌ಮೇರಿ. ನಾವು ಕರಿಬೇವು ಒಗ್ಗರಣೆಗೆ ಹಾಕಿ ಮರೆತುಬಿಡುತ್ತೇವೆ, ಏನೂ ಆಗಲ್ಲ. ರೋಸ್‌ಮೇರಿ, ಸೇಜ್‌ನಂಥ ಸೊಪ್ಪು ಹಾಗಲ್ಲ. ಅವುಗಳಿಂದ ಬೇಕಾಗಿರುವುದು ಬರೀ ಘಮ, ಜಾಸ್ತಿ ಕುದ್ದರೆ ಮದ್ದಿನ ವಾಸನೆ. ಒಂದು ಪ್ಯಾಕೆಟ್‌ಗೆ ಒಂದೇ ಕಡ್ಡಿ ಸಾಕು. ಒಲೆ ಆರಿಸುವ ಐದು ನಿಮಿಷ ಮೊದಲು ಹಾಕಿ, ಆರಿಸಿದ ಮೇಲೆ ನೆನಪಿಟ್ಟುಕೊಂಡು ತೆಗೆಯಿರಿ. ಥೈಮ್ ಸ್ವಲ್ಪ ಸಾಧು, ಅದಕ್ಕೆ ಇಷ್ಟು ಹೆದರಬೇಕಿಲ್ಲ. ಕಿತ್ತಳೆ ಸಿಪ್ಪೆ ತುರಿಯುವುದಾದರೆ ಮೇಲಿನ ಬಣ್ಣದ ಭಾಗ ಮಾತ್ರ, ಬಿಳಿ ಭಾಗವೂ ಕಹಿ.

ಒಮ್ಮೆ ಇಳಿದ ಕಹಿಯನ್ನು ತೆಗೆಯುವುದು ಕಷ್ಟ. ಚಿಟಿಕೆ ಉಪ್ಪು ಹಾಕಿದರೆ ಸ್ವಲ್ಪ ಅಡಗುತ್ತದೆ. ಸಕ್ಕರೆ ಸುರಿಯುವುದಕ್ಕಿಂತ ಮೊದಲು ಉಪ್ಪು ಹಾಕಿ ರುಚಿ ನೋಡಿ.

ಒಗ್ಗರಣೆ ಸೌಟು:
ಎಸೆದು ಹೊಸದು ಮಾಡಲಾ?

ಕಬ್ಬಿಣದ ಬಾಣಲೆ:
ಬೇಡ. ಇನ್ನೊಂದು ಪ್ಯಾಕೆಟ್ ತನ್ನಿ. ಹಳೆಯದರಿಂದ ಸೊಪ್ಪಿನ ಕಡ್ಡಿಗಳನ್ನೆಲ್ಲ ಆರಿಸಿ ತೆಗೆಯಿರಿ. ಅಗಲವಾದ ಪಾತ್ರೆಯಲ್ಲಿ ಹಳೆ ಸಾಸ್, ಹೊಸ ಹಣ್ಣು, ಸಿಪ್ಪೆಸಮೇತ ತುರಿದ ಒಂದು ಸೇಬು, ಎರಡು ಚಮಚ ನಿಂಬೆರಸ ಹಾಕಿ. ನೀರು ಒಂದು ಹನಿಯೂ ಬೇಡ. ಹೊಸ ಹಣ್ಣಿಗಾಗಿ ಮುಕ್ಕಾಲು ಕಪ್ ಸಕ್ಕರೆ. ಮುಚ್ಚಳ ಹಾಕದೆ ಕುದಿಸಿ. ಹಣ್ಣು ಒಡೆದ ಮೇಲೆ, ಫ್ರೀಜರ್‌ನಲ್ಲಿಟ್ಟ ತಟ್ಟೆಯ ಮೇಲೆ ಒಂದು ಚಮಚ ಬಿಟ್ಟು ಒಂದು ನಿಮಿಷ ಕಾದು ಬೆರಳಿಂದ ತಳ್ಳಿ. ಸುಕ್ಕು ಬಿದ್ದರೆ ಒಲೆ ಆರಿಸಿ. ಹೊಸ ಹಣ್ಣು ಸೇರಿದರೆ ಕಹಿಯೂ ಅರ್ಧಕ್ಕೆ ಇಳಿಯುತ್ತದೆ.

ಶುಗರ್ ಇರುವವರಿಗೆ ಇದನ್ನೇ ಕೊಡಲು ಹೋಗಬೇಡಿ. ಒಂದು ಹಿಡಿ ಹಣ್ಣು ಬೇರೆ ಎತ್ತಿಟ್ಟು, ಖಾರದ ಚಟ್ನಿ ಮಾಡಿ. ಅದು ಹೆಪ್ಪುಗಟ್ಟಬೇಕೆಂದೇನೂ ಇಲ್ಲವಲ್ಲ, ಸಕ್ಕರೆಯ ಹಂಗಿಲ್ಲ.

ಮಳೆಗಾಲ, ಉಡುಪಿ:
ಚಟ್ನಿ ಅಂದಾಗ ಹೇಳಬೇಕು ಅನಿಸಿತು. ನಮ್ಮಲ್ಲಿ ಕರಂಡೆ ಕಾಯಿಗೆ ಉಪ್ಪು, ಮೆಣಸಿನಪುಡಿ ಹಾಕಿ ಉಪ್ಪಿನಕಾಯಿ ಮಾಡುತ್ತೇವೆ. ಅಮೆರಿಕದಲ್ಲಿರುವ ಅಕ್ಕ ಕ್ರ್ಯಾನ್‌ಬೆರಿಗೂ ಅದೇ ಮಸಾಲೆ ಹಾಕುತ್ತಾಳೆ. ಸಾಸಿವೆ, ಇಂಗು, ಒಣಮೆಣಸು. ರೋಸ್‌ಮೇರಿ ಗಲಾಟೆಯೇ ಇಲ್ಲ.

ಒಗ್ಗರಣೆ ಸೌಟು:
ಬಾಣಲೆಯವರು ಹೇಳಿದ ಹಾಗೇ ಮಾಡಿದೆ. ತಟ್ಟೆಯ ಮೇಲೆ ಸುಕ್ಕು ಬಿತ್ತು. ಬೆಳಿಗ್ಗೆ ಚಮಚ ನಿಲ್ಲುವಷ್ಟು ಗಟ್ಟಿಯಾಗಿದೆ. ಕಹಿ ಚೂರು ಉಳಿದಿದೆ, ಆದರೆ ಟರ್ಕಿ ಕೋಳಿ ಜೊತೆಗೆ ಗೊತ್ತಾಗಲ್ಲ ಅನಿಸುತ್ತೆ. ಕೆಂಪು ಚೆನ್ನಾಗಿ ಬಂತು. ಇಂಗಿನ ಚಟ್ನಿಯೂ ಮಾಡಿದೆ, ಅದು ಈಗಲೇ ಅರ್ಧ ಖಾಲಿ.

ಇನ್ನೊಂದು ಪ್ಯಾಕೆಟ್ ಜಾಸ್ತಿ ತಂದಿದ್ದೆ. ಕ್ರಿಸ್ಮಸ್‌ವರೆಗೆ ಇರುತ್ತಾ?

ಕಬ್ಬಿಣದ ಬಾಣಲೆ:
ಮೆತ್ತಗಾದವನ್ನು ಆರಿಸಿ ತೆಗೆದು, ಒಣಗಿಸಿ ಫ್ರೀಜರ್‌ಗೆ ಹಾಕಿ, ವರ್ಷದವರೆಗೂ ಇರುತ್ತದೆ. ಅಡುಗೆಗೆ ಹಾಕುವಾಗ ಕರಗಿಸಬೇಡಿ, ಗಟ್ಟಿ ಇರುವಾಗಲೇ ನೇರ ಪಾತ್ರೆಗೆ.